ಅಮೆರಿಕದ ಕೋರ್ಟಿನಲ್ಲಿ ನಿಮ್ಮ ಉಡುಪು, ಜಡ್ಜ್ ಅಧಿಕಾರ

ಸ್ಪೀಡಿಂಗ್ ಟಿಕೆಟ್, ಡೆಪಾಸಿಟ್ ವಾಪಸ್ ಕೊಡದ ಮನೆ ಮಾಲೀಕ, ಡಿವೋರ್ಸ್. ಅಮೆರಿಕದಲ್ಲಿ ನಮ್ಮವರು ಕೋರ್ಟಿನ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಇಂಥವಕ್ಕೇ. ಏನು ಹಾಕಿಕೊಂಡು ಹೋಗಬೇಕು ಎಂಬುದಕ್ಕೆ ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ಹೋಗುವ ಮುಂಚೆ ಆ ಕೋರ್ಟಿನ ವೆಬ್‌ಸೈಟ್ ನೋಡಿಕೊಳ್ಳಿ. ಚಡ್ಡಿ, ತೋಳಿಲ್ಲದ ಬನಿಯನ್ನು, ಹವಾಯಿ ಚಪ್ಪಲಿ, ಕ್ಯಾಪ್ ಬಹುತೇಕ ಕಡೆ ನಡೆಯುವುದಿಲ್ಲ. ಸೂಟೇ ಬೇಕೆಂದಿಲ್ಲ, ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು ಸಾಕು. ಸೀರೆ, ಚೂಡಿದಾರವೂ ಆಗುತ್ತದೆ. ಜೂಮ್‌ನಲ್ಲಿ ವಿಚಾರಣೆಯಾದರೂ ಇದೇ ಲೆಕ್ಕ. ಸೋಫಾ ಮೇಲೆ ಕೂತಿದ್ದೀರೆಂದು ಬನಿಯನ್ನಿನಲ್ಲಿ ಕಾಣಿಸಿಕೊಳ್ಳಬೇಡಿ.

ಹಾಗಂತ ಬಟ್ಟೆಯ ವಿಷಯದಲ್ಲಿ ಜಡ್ಜೋ ಪೊಲೀಸರೋ ಹೇಳಿದ್ದೆಲ್ಲ ಕಾನೂನಲ್ಲ. 1968ರಲ್ಲಿ ಲಾಸ್ ಏಂಜಲೀಸ್ ಕೋರ್ಟಿನ ಕಾರಿಡಾರಿನಲ್ಲಿ ಕೋಹೆನ್ ಎಂಬ ಯುವಕನಿದ್ದ. ಕಡ್ಡಾಯ ಸೇನಾ ಭರ್ತಿಯನ್ನು ಅಶ್ಲೀಲ ಪದದಲ್ಲಿ ಬೈದ ಬರಹ ಅವನ ಜಾಕೆಟ್ ಮೇಲಿತ್ತು. ಕೋರ್ಟ್ ಹಾಲ್‌ ಒಳಗೆ ಹೋಗುವಾಗ ಅದನ್ನು ಬಿಚ್ಚಿ, ಮಡಚಿ, ತೋಳಿನ ಮೇಲೆ ಹಾಕಿಕೊಂಡ. ಇವನ ಮೇಲೆ ನ್ಯಾಯಾಂಗ ನಿಂದನೆ ಹೊರಿಸಿ ಎಂದು ಪೊಲೀಸನೊಬ್ಬ ಜಡ್ಜ್‌ಗೆ ಚೀಟಿ ಕಳಿಸಿದ. ಜಡ್ಜ್ ಒಪ್ಪಲಿಲ್ಲ. ಅವನು ಹೊರಗೆ ಬಂದ ಮೇಲೆ ಪೊಲೀಸನೇ ಹಿಡಿದ, ಶಾಂತಿಭಂಗಕ್ಕೆ 30 ದಿನ ಜೈಲು ಎಂದಾಯಿತು. 1971ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ರದ್ದು ಮಾಡಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಜಾಣತನ ತೋರಿದವರು ಚೀಟಿ ಓದಿ ಸುಮ್ಮನಾದ ಆ ಜಡ್ಜ್.

ಧರ್ಮದ ಉಡುಪಿನ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಜಾರ್ಜಿಯಾದಲ್ಲಿ 2008ರಲ್ಲಿ ಹಿಜಾಬ್ ಪ್ರಕರಣವೊಂದು ಮಹಿಳೆಯ ಬಂಧನದವರೆಗೆ ಹೋಯಿತು. ಮರುವರ್ಷ ಅಲ್ಲಿನ ನ್ಯಾಯಾಂಗ ಮಂಡಳಿಯೇ ಧಾರ್ಮಿಕ ತಲೆವಸ್ತ್ರಕ್ಕೆ ಅವಕಾಶ ಕೊಟ್ಟಿತು. ಅದೇ 2009ರಲ್ಲಿ ಮಿಷಿಗನ್, ನಿಕಾಬ್ (ಮುಖ ಮುಚ್ಚುವ ವಸ್ತ್ರ) ವಿವಾದದ ನಂತರ, ಸಾಕ್ಷಿಯ ವೇಷದ ಮೇಲೆ ಜಡ್ಜ್‌ಗೆ ಸೂಕ್ತ ನಿಯಂತ್ರಣ ಕೊಡುವ ನಿಯಮ ತಂದಿತು. ಆದ್ದರಿಂದ ಅಯ್ಯಪ್ಪ ಮಾಲೆ ಹಾಕಿ ಬರಿಗಾಲಲ್ಲಿರುವವರು, ಪೇಟ ಕಟ್ಟುವವರು, ತಲೆ ಮುಚ್ಚಿಕೊಳ್ಳುವವರು ಬಾಗಿಲಲ್ಲಿ ವಾದಕ್ಕಿಳಿಯುವ ಬದಲು ವಾರ ಮೊದಲೇ ಕ್ಲರ್ಕ್ ಕಚೇರಿಗೆ ಬರೆದು ಕೇಳುವುದು ಒಳ್ಳೆಯದು.

ಜೈಲು ಸಮವಸ್ತ್ರದ ವಿಷಯದಲ್ಲಿ ಗೆರೆ ಇನ್ನೂ ಸ್ಪಷ್ಟ. ಆರೋಪಿಯನ್ನು ಒತ್ತಾಯದಿಂದ ಕೈದಿಯ ಬಟ್ಟೆಯಲ್ಲಿ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) ಮುಂದೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ವಿಚಿತ್ರವೆಂದರೆ ಆ ಕೇಸಿನ ಆರೋಪಿಯೇ ಸೋತ, ಏಕೆಂದರೆ ವಿಚಾರಣೆಯಲ್ಲಿ ಅವನ ಕಡೆಯಿಂದ ಯಾರೂ ಆಕ್ಷೇಪ ಎತ್ತಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಕೋರ್ಟ್ ನೋಡಲು ಬಂದ ಹುಡುಗಿಯೊಬ್ಬಳು ನಿದ್ದೆ ಹೋದಳೆಂದು ಜಡ್ಜ್ ಅವಳಿಗೆ ಜೈಲು ಬಟ್ಟೆ ತೊಡಿಸಿ ಬೇಡಿ ಹಾಕಿಸಿದರು. ಅವಳ ಮೇಲೆ ಕೇಸೇ ಇರಲಿಲ್ಲ! ಮುಖ್ಯ ನ್ಯಾಯಾಧೀಶರು ಆ ಜಡ್ಜ್‌ಗೆ ಕೇಸು ಕೊಡುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು.

ನಿಮಗೂ ಇಂಥದ್ದು ಎದುರಾದರೆ ಮೊದಲು ಜಡ್ಜ್ ಹೇಳಿದಂತೆ ಮಾಡಿ, ಟೋಪಿ ತೆಗೆಯಿರಿ ಎಂದರೆ ತೆಗೆಯಿರಿ. ಧರ್ಮದ ಕಾರಣಕ್ಕೆ ಆಗದಿದ್ದರೆ "ಯುವರ್ ಆನರ್" ಎಂದು ಶುರುಮಾಡಿ ಶಾಂತವಾಗಿ ಕಾರಣ ಹೇಳಿ, ಆಕ್ಷೇಪ ದಾಖಲಿಸಿಕೊಳ್ಳಿ ಎಂದು ಕೇಳಿ, ವಕೀಲರಿಗೆ ಸಮಯ ಬೇಡಿ. ದಾಖಲೆಯಲ್ಲಿ ಇಲ್ಲದ್ದನ್ನು ಮೇಲಿನ ಕೋರ್ಟ್ ಸಾಮಾನ್ಯವಾಗಿ ನೋಡುವುದಿಲ್ಲ. ನ್ಯಾಯಾಧೀಶರಾಗಿ ಕೊಟ್ಟ ಆದೇಶಕ್ಕೆ ಜಡ್ಜ್ ಮೇಲೆ ಪರಿಹಾರದ ದಾವೆ ಹೂಡುವುದು ಹೆಚ್ಚೂಕಡಿಮೆ ಅಸಾಧ್ಯ. ಉಳಿಯುವುದು ಅಪೀಲು, ಮತ್ತೆ ಜಡ್ಜ್‌ಗಳ ನಡತೆಯ ಮೇಲಿನ ದೂರು ಕೇಳುವ ಆಯೋಗ. ಇಂಥ ಆಯೋಗ ಪ್ರತಿ ರಾಜ್ಯದಲ್ಲೂ ಇದೆ. ಆದರೆ ಅಲ್ಲಿ ದೂರು ಕೊಟ್ಟ ಮಾತ್ರಕ್ಕೆ ತೀರ್ಪು ಬದಲಾಗದು, ಅಪೀಲಿನ ಗಡುವೂ ನಿಲ್ಲದು.