ಚಾಮರಾಜನಗರ ಪ್ಯಾಸೆಂಜರ್ ಅನ್ನು ಮೇಜಿನ ಮೇಲೆ ಕಟ್ಟುವುದು ಹೇಗೆ

ನಂಜನಗೂಡಿನಿಂದ ಮೈಸೂರಿಗೆ ಕೆಲಸಕ್ಕೆ ಅಂತ ವರ್ಷಗಟ್ಟಲೆ ರೈಲಿನಲ್ಲೇ ಓಡಾಡಿದವನು ನಾನು. 2008ರಲ್ಲಿ ಆ ದಾರಿ ಬ್ರಾಡ್‌ಗೇಜ್ ಆಯಿತು. ಆಮೇಲೆ ಬಂದ ನೀಲಿ ಡಬ್ಬಿಗಳು, ಮುಂದೆ ಗುಡುಗುಡು ಅನ್ನುವ ಡೀಸೆಲ್ ಎಂಜಿನ್, ಇದೇ ನನ್ನ ರೈಲು. ಪೆರಂಬೂರಿನ ಐಸಿಎಫ್ ಕಾರ್ಖಾನೆಯಲ್ಲಿ ಈ ಮಾದರಿಯ ಡಬ್ಬಿಗಳ ತಯಾರಿ 2018ರಲ್ಲೇ ನಿಂತಿದೆ. ಇನ್ನು ಕೆಲವು ವರ್ಷಕ್ಕೆ ನೋಡಲೂ ಸಿಗುವುದಿಲ್ಲ. ಅದಕ್ಕೇ ಅದರ ಪುಟ್ಟ ಮಾದರಿ ಕಟ್ಟಲು ಕೂತೆ. ಕಟ್ಟುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಾವು ‘ಬೋಗಿ’ ಅನ್ನೋದು ಇಡೀ ಡಬ್ಬಿಗೆ. ರೈಲ್ವೆಯವರ ಲೆಕ್ಕದಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗಿರುವ ನಾಲ್ಕು ಚಕ್ರದ ಚೌಕಟ್ಟು ಮಾತ್ರ. ಇಲ್ಲಿ ನಾನೂ ಹಾಗೇ ಬಳಸುತ್ತೇನೆ.

ಎಂಜಿನ್ನಿನಿಂದ ಶುರು ಮಾಡಬೇಡಿ. ಎಲ್ಲರಿಗೂ ಅದರ ಮೇಲೇ ಆಸೆ. ದುಡ್ಡು, ಸಮಯ ಎಲ್ಲ ಅದಕ್ಕೇ ಹೋಗಿ, ಹಿಂದೆ ಎಳೆಯಲು ಡಬ್ಬಿಯೇ ಇಲ್ಲದೆ ನಿಂತ ಮಾದರಿಗಳನ್ನು ಎಷ್ಟೋ ನೋಡಿದ್ದೇನೆ. ಪ್ಯಾಸೆಂಜರ್ ರೈಲು ಅಂದರೆ ಡಬ್ಬಿ. ಒಂದು ಜನರಲ್ ಡಬ್ಬಿಯನ್ನು ಪೂರ್ತಿ ಮುಗಿಸಿ. ಅದು ಸರಿ ಬಂತು ಅಂದರೆ, ಐದು ಡಬ್ಬಿಯ ಈ ರೈಲಿನ ಉಳಿದ ನಾಲ್ಕು ತಾನಾಗಿ ಬರುತ್ತವೆ.

ಈಗ ಅಳತೆ. ಇಲ್ಲಿ ನಮಗೆ ಒಂದು ತೊಡಕಿದೆ. ಅಂಗಡಿಯಲ್ಲಿ ಸಿಗುವ, ಎಚ್‌ಒ ಅನ್ನುವ ಅಳತೆಯ ಮಾದರಿ ರೈಲಿನ ಹಳಿ 16.5 ಮಿ.ಮೀ. ಅಗಲ. ಅದು ಹೊರದೇಶದ 1435 ಮಿ.ಮೀ. ಹಳಿಯನ್ನು 87 ಪಟ್ಟು ಕುಗ್ಗಿಸಿದ್ದು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂದರೆ ಸಿದ್ಧ ಹಳಿ ನಮ್ಮ ರೈಲಿಗೆ ಸುಮಾರು 3 ಮಿ.ಮೀ. ಕಿರಿದು. 19.3ರ ಹಳಿಯನ್ನು ಕೈಯಲ್ಲೇ ಮಾಡಿಕೊಳ್ಳಬಹುದು, ಆದರೆ ಚಕ್ರ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಎಲ್ಲವನ್ನೂ ನೀವೇ ಮಾಡಬೇಕಾಗುತ್ತದೆ. ಇಡೀ ರೈಲನ್ನೇ ಸುಮಾರು 1:100ಕ್ಕೆ ಇಳಿಸಿದರೆ ಹಳಿ ಸರಿಹೋಗುತ್ತದೆ, ಆಗ ಸುತ್ತಲಿನ ಜನ, ಕಾರು, ಮನೆ ಯಾವುದೂ ಅಳತೆಗೆ ಸಿಗುವುದಿಲ್ಲ. ನಾನು 1:87ರಲ್ಲೇ ಕಟ್ಟಿ, 16.5ರ ಹಳಿಯ ಮೇಲೇ ಓಡಿಸುತ್ತೇನೆ. ಬೋಗಿಯ ಹೊರಗಿನ ಪಟ್ಟಿಗಳನ್ನು ಮಾತ್ರ ನಿಜದ ಅಗಲಕ್ಕೇ ಕೂರಿಸಿ, ಒಳಗಡೆಗೆಲ್ಲ ಕಪ್ಪು ಬಳಿಯುತ್ತೇನೆ. ಪಕ್ಕದಿಂದ ನೋಡಿದರೆ ಚಕ್ರ ಒಳಗೆ ಸರಿದಿರುವುದು ಗೊತ್ತೇ ಆಗುವುದಿಲ್ಲ.

ಐಸಿಎಫ್ ಡಬ್ಬಿಯ ಮೈ 21,337 ಮಿ.ಮೀ. ಉದ್ದ, 3,245 ಅಗಲ. ಎರಡು ಬೋಗಿಗಳ ನಡುಬಿಂದುಗಳ ಅಂತರ 14,783. ಒಂದು ಬೋಗಿಯ ಎರಡು ಅಚ್ಚುಗಳ (ಆಕ್ಸಲ್) ನಡುವೆ 2,896. ಹೊಸ ಚಕ್ರದ ವ್ಯಾಸ 915. 1:87ರಲ್ಲಿ ಇವು ಕ್ರಮವಾಗಿ 245, 37.3, 170, 33.3 ಮತ್ತು 10.5 ಮಿ.ಮೀ. ಈ ಐದು ಅಂಕಿಗಳನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಳ್ಳಿ.

ಉಳಿದ ಅಳತೆ ಫೋಟೊದಿಂದ ತೆಗೆಯಿರಿ. ರೈಲು ನಿಂತಾಗ, ಎದುರಿನ ಪ್ಲಾಟ್‌ಫಾರಂ ಮೇಲೆ ನಿಂತು, ಡಬ್ಬಿಗೆ ನೇರವಾಗಿ ಕ್ಯಾಮೆರಾ ಹಿಡಿಯಿರಿ. ಮೊದಲೇ ಸ್ಟೇಷನ್ ಮಾಸ್ಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ. ಹಳಿಗೆ ಮಾತ್ರ ಇಳಿಯಲೇಬೇಡಿ. ಫೋಟೊದಲ್ಲಿ ಎರಡು ಅಚ್ಚುಗಳ ನಡುವಿನ ದೂರ 2,896 ಅಂತ ಗೊತ್ತಿದೆಯಲ್ಲ, ಅದೇ ನಿಮ್ಮ ಸ್ಕೇಲು. ಅದನ್ನಿಟ್ಟುಕೊಂಡು ಕಿಟಕಿ, ಬಾಗಿಲು, ಬ್ಯಾಟರಿ ಪೆಟ್ಟಿಗೆ ಎಲ್ಲ ಅಳೆಯಬಹುದು. ಚಕ್ರದ ವ್ಯಾಸವನ್ನು ಸ್ಕೇಲಾಗಿ ಇಟ್ಟುಕೊಳ್ಳಬೇಡಿ. ಚಕ್ರ ಸವೆಯುತ್ತದೆ, ಅಚ್ಚುಗಳ ಅಂತರ ಸವೆಯುವುದಿಲ್ಲ.

ನಕ್ಷೆ ಪ್ರಿಂಟ್ ಮಾಡುವಾಗ ನನಗೆ ಆದದ್ದು ನಿಮಗೆ ಆಗಬಾರದು. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಐದು ಪಕ್ಕದ ಗೋಡೆ ಕತ್ತರಿಸಿ ಮುಗಿಸಿದ್ದೆ. ಬೋಗಿ ಕೂರಿಸಲು ಹೋದಾಗ ಡಬ್ಬಿ 238 ಮಿ.ಮೀ. ಇದೆ! ಹಾಳೆಗೆ ಹೊಂದಿಸುವ ಆಯ್ಕೆ ಆನ್ ಆಗಿತ್ತು, ನಕ್ಷೆ 97 ಪರ್ಸೆಂಟಿಗೆ ಕುಗ್ಗಿತ್ತು. ಎರಡು ವಾರದ ಕೆಲಸ ಹೋಯಿತು. ಅಂದಿನಿಂದ ಪ್ರತಿ ನಕ್ಷೆಯ ಮೂಲೆಯಲ್ಲೂ 100 ಮಿ.ಮೀ. ಗೆರೆ ಒಂದು ಎಳೆದಿಡುತ್ತೇನೆ. ಹಾಳೆ ಕೈಗೆ ಬಂದ ಕೂಡಲೇ ಆ ಗೆರೆ ಅಳೆಯುವುದು, ಆಮೇಲೆ ಬ್ಲೇಡು ಹಿಡಿಯುವುದು.

ಇನ್ನು ಕಿಟಕಿ. ಡಬ್ಬಿಯ ಜೀವ ಇರೋದೇ ಇಲ್ಲಿ. ದೂರದಿಂದ ನೋಡಿದರೂ ಜನರಲ್ ಡಬ್ಬಿ ಅಂತ ಗುರುತು ಸಿಗುವುದು ಆ ಅಡ್ಡ ಸರಳುಗಳಿಂದ. ಅವನ್ನು ಪ್ಲಾಸ್ಟಿಕ್ ಮೇಲೆ ಗೆರೆ ಬರೆದು ತೋರಿಸಿದರೆ ಡಬ್ಬಿ ಆಟಿಕೆಯಂತೆ ಕಾಣುತ್ತದೆ. ನಿಜದ ಸರಳು 87 ಪಟ್ಟು ಕುಗ್ಗಿದರೆ ಉಳಿಯುವುದು 0.2 ಮಿ.ಮೀ. ಆಸುಪಾಸು. ಅದು ಸಿಗುವುದು ಎಲ್ಲಿ ಗೊತ್ತಾ? ಮನೆಯಲ್ಲಿರುವ ಹಳೆಯ ವೈರಿನ ಒಳಗೆ. ಹಲವು ಎಳೆಯ ತಾಮ್ರದ ವೈರನ್ನು ಸುಲಿದು ಒಂದು ಎಳೆ ತೆಗೆಯಿರಿ. ಒಂದು ತುದಿಯನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದನ್ನು ಪಕ್ಕಡದಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ಸ್ವಲ್ಪ ಹಿಗ್ಗಿದಂತೆ ಕೈಗೆ ಅನ್ನಿಸುತ್ತದೆ, ಆಗ ಬಿಡಿ. ಎಳೆ ಗೆರೆ ಹೊಡೆದ ಹಾಗೆ ನೆಟ್ಟಗಾಗಿರುತ್ತದೆ.

ಹೊರಗಿನ ಗೋಡೆಗೆ 0.5 ಮಿ.ಮೀ. ಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆ ಸಾಕು. ಕಿಟಕಿಗಳನ್ನು ಕತ್ತರಿಸುವ ಮುಂಚೆಯೇ, ಹಾಳೆಯ ಹಿಂಬದಿಯಲ್ಲಿ ಈ ತುದಿಯಿಂದ ಆ ತುದಿಗೆ, ಪ್ರತಿ ಸರಳಿನ ಎತ್ತರಕ್ಕೂ ಒಂದೊಂದು ಗೀರು ಹಾಕಿ. ಆಮೇಲೆ ಕಿಟಕಿ ಕತ್ತರಿಸಿ. ಈಗ ಒಂದೇ ಉದ್ದನೆಯ ಎಳೆಯನ್ನು ಗೀರಿನೊಳಗೆ ಕೂರಿಸಿ, ಕಿಟಕಿ ಕಿಟಕಿಯ ನಡುವೆ ಫೆವಿಕ್ವಿಕ್ ಸೂಜಿಮೊನೆಯಷ್ಟು ಮುಟ್ಟಿಸಿ. ಎಲ್ಲ ಕಿಟಕಿಯ ಸರಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬಿಡಿಬಿಡಿಯಾಗಿ ಅಂಟಿಸಿದರೆ ಈ ಸಾಲು ಸಿಗುವುದೇ ಇಲ್ಲ. ತುರ್ತು ಕಿಟಕಿಗೆ ಅಡ್ಡ ಸರಳಿಲ್ಲ, ಅಲ್ಲಿ ಎಳೆಯನ್ನು ಕತ್ತರಿಸಿ ತೆಗೆಯಿರಿ. ಹಿಂದಿನಿಂದ ಇನ್ನೊಂದು 0.5ರ ಹಾಳೆ, ಕಿಟಕಿ ಸ್ವಲ್ಪ ದೊಡ್ಡದು ಮಾಡಿ ಅಂಟಿಸಿ. ಆ ಅಂತರದಲ್ಲಿ ಷಟರ್ ಕೂರುತ್ತದೆ. ಎಲ್ಲ ಷಟರ್‌ಗಳನ್ನೂ ಒಂದೇ ಮಟ್ಟಕ್ಕೆ ಇಡಬೇಡಿ. ಬೆಳಗಿನ ಗಾಡಿಯಲ್ಲಿ ಬಿಸಿಲು ಹೊಡೆಯುವ ಕಡೆ ಅರ್ಧಕ್ಕರ್ಧ ಇಳಿದಿರುತ್ತವೆ, ಇನ್ನೊಂದು ಕಡೆ ಎಲ್ಲ ತೆರೆದಿರುತ್ತವೆ. ಕಡಕೊಳದ ಹತ್ತಿರ ಕೂತವರ ಮೊಣಕೈ ಕಿಟಕಿಯ ಹೊರಗೆ ಇರುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದೆರಡು ಗೊಂಬೆಗೆ ನಾನು ಹಾಗೇ ಮಾಡಿದ್ದೇನೆ.

ಗೋಡೆ ನೇರ ಹಲಗೆ ಅಲ್ಲ, ಕೆಳಗಡೆ ಸ್ವಲ್ಪ ಒಳಕ್ಕೆ ಬಾಗಿದೆ. ಅಂಟಿಸುವ ಮುಂಚೆ ಕೆಳ ಅಂಚನ್ನು ಒಂದು ಪೆನ್ಸಿಲಿನ ಮೇಲೆ ಒತ್ತಿ ಬಾಗಿಸಿಕೊಳ್ಳಿ. ಛಾವಣಿಯನ್ನು ನಾನು ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿಸಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

ತೂಕ ಮುಖ್ಯ. ಹಗುರ ಡಬ್ಬಿ ತಿರುವಿನಲ್ಲಿ ಮಗುಚುತ್ತದೆ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಹೇಳುವ ಲೆಕ್ಕ ಎಚ್‌ಒಗೆ ಸುಮಾರು 28 ಗ್ರಾಂ, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ 14 ಗ್ರಾಂ. ನಮ್ಮ ಡಬ್ಬಿಗೆ 165 ಗ್ರಾಂ ಹತ್ತಿರ ಬರುತ್ತದೆ. ಭಾರವನ್ನು ನೆಲದ ಹಾಳೆಯ ಕೆಳಗೇ ಇಡಿ, ಮೇಲೆ ಬೇಡ.

ತಿರುವಿನ ಲೆಕ್ಕವನ್ನೂ ಹಳಿ ಕೊಳ್ಳುವ ಮುಂಚೆ ಮಾಡಿ. ಬೋಗಿಗಳ ಅಂತರದ ವರ್ಗವನ್ನು ತಿರುವಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ, ಡಬ್ಬಿಯ ನಡುಭಾಗ ಎಷ್ಟು ಒಳಕ್ಕೆ ಸರಿಯುತ್ತದೆ ಅಂತ ಸಿಗುತ್ತದೆ. ಸಾಮಾನ್ಯ ಸೆಟ್‌ಗಳಲ್ಲಿ ಬರುವ 457 ಮಿ.ಮೀ. ತ್ರಿಜ್ಯಕ್ಕೆ ಅದು 8 ಮಿ.ಮೀ. ಹತ್ತಿರ, ನೋಡಲು ಅಸಹ್ಯ. 762ಕ್ಕೆ ಹೋದರೆ 5ರೊಳಗೆ ಬರುತ್ತದೆ. ಜಾಗ ಇದ್ದಷ್ಟು ದೊಡ್ಡ ತಿರುವು ಹಾಕಿ.

ಈಗ ಎಂಜಿನ್. ನನ್ನದು ಡಬ್ಲ್ಯುಡಿಎಂ-3ಎ. 2,600 ಅಶ್ವಶಕ್ತಿಯ ಹಳೆಯ ಡಬ್ಲ್ಯುಡಿಎಂ-2ರ ಮನೆತನದ್ದೇ, ಇದಕ್ಕೆ 3,100. ಮೂಲ ವಿನ್ಯಾಸ ಅಮೆರಿಕದ ಆಲ್ಕೋ ಕಂಪನಿಯದು, ತಯಾರಾಗಿದ್ದು ವಾರಾಣಸಿಯಲ್ಲಿ. ಆರು ಅಚ್ಚಿನ ಹಳೆಯ ಎಚ್‌ಒ ಎಂಜಿನ್ನಿನ ಚಾಸಿ ಸಿಕ್ಕರೆ ಮೋಟಾರು, ಗೇರು ಎಲ್ಲ ಅದರಲ್ಲೇ ಬರುತ್ತದೆ. ಕೊಳ್ಳುವ ಮುಂಚೆ ಒಂದನ್ನು ನೋಡಿಕೊಳ್ಳಿ. ಈ ಎಂಜಿನ್ನಿನ ಬೋಗಿಯಲ್ಲಿ ನಡುವಿನ ಅಚ್ಚು ಸರಿಮಧ್ಯೆ ಇಲ್ಲ, ಒಂದು ಕಡೆಗೆ ಸರಿದಿದೆ. ಸಮ ಅಂತರದ ಚಾಸಿ ಹಾಕಿದರೆ ಮೈ ಎಷ್ಟೇ ಚೆನ್ನಾಗಿರಲಿ, ದಿನಾ ನೋಡಿದವರ ಕಣ್ಣಿಗೆ ಅದು ಬೇರೆ ಎಂಜಿನ್ನೇ. ದೀಪಕ್ಕೆ ಎಲ್‌ಇಡಿ, ಸಣ್ಣ ವೈರು ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ.

ಬಣ್ಣಕ್ಕೆ ಮೊದಲು ಬೂದು ಪ್ರೈಮರ್, ಆಮೇಲೆ 800 ನಂಬರಿನ ಉಪ್ಪುಕಾಗದದಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿ. ಕಿಟಕಿಯ ಸಾಲಿಗೆ ತಿಳಿ ನೀಲಿ ಮೊದಲು, ಅದನ್ನು ಟೇಪಿನಲ್ಲಿ ಮುಚ್ಚಿ ಕಡು ನೀಲಿ. ಡಬ್ಬಿಯ ನಂಬರ್ ಸುಮ್ನೆ ಯಾವುದೋ ಬರೆಯಬೇಡಿ. ಮೊದಲ ಎರಡು ಅಂಕಿ ತಯಾರಾದ ವರ್ಷ, 07 ಅಂದರೆ 2007. ಕೊನೆಯ ಮೂರು ಅಂಕಿ 401ರಿಂದ 600ರೊಳಗಿದ್ದರೆ ಜನರಲ್ ಡಬ್ಬಿ. ಗಾರ್ಡ್ ಕೂರುವ ಎಸ್‌ಎಲ್‌ಆರ್ ಡಬ್ಬಿಗೆ 701ರಿಂದ 800.

ಎಂಜಿನ್, ಎರಡು ತುದಿಗೆ ಎಸ್‌ಎಲ್‌ಆರ್, ನಡುವೆ ಮೂರು ಜನರಲ್. ಒಟ್ಟು ಒಂದೂವರೆ ಮೀಟರ್. ಕೊನೆಯ ಡಬ್ಬಿಯ ಹಿಂದೆ ನೇತು ಹಾಕುವ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಅಂದರೆ ಇದೇ ಕೊನೆಯ ಡಬ್ಬಿ) ಫಲಕವನ್ನು ಮಾತ್ರ ಅಂಟಿಸಬೇಡಿ. ಎರಡೂ ಎಸ್‌ಎಲ್‌ಆರ್‌ಗಳ ಹಿಂಬದಿಗೆ ಒಂದೊಂದು ಸಣ್ಣ ಕೊಕ್ಕೆ ಬಿಡಿ. ಚಾಮರಾಜನಗರದಲ್ಲಿ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಸೇರಿಕೊಳ್ಳುತ್ತದೆ. ಆಗ ಫಲಕವನ್ನೂ ಆ ಕಡೆಯಿಂದ ತೆಗೆದು ಈ ಕಡೆಗೆ ಹಾಕಬೇಕು.