ಜೂನ್ 28ರಿಂದ ನವೆಂಬರ್ 11: ಮೊದಲ ಮಹಾಯುದ್ಧವನ್ನು ತಾರೀಖು ಹಿಡಿದು ಪಾಠ ಮಾಡುವ ಬಗೆ

ಹತ್ತನೇ ತರಗತಿಯ ಮಕ್ಕಳಿಗೆ "ಮೊದಲ ಮಹಾಯುದ್ಧಕ್ಕೆ ಕಾರಣ ಏನು?" ಎಂದು ಕೇಳಿ ನೋಡಿ. ಸೈನಿಕ ಪೈಪೋಟಿ, ಸಾಮ್ರಾಜ್ಯಶಾಹಿ, ರಹಸ್ಯ ಒಪ್ಪಂದ, ಉಗ್ರ ರಾಷ್ಟ್ರೀಯತೆ, ತಕ್ಷಣದ ಕಾರಣ ರಾಜಕುಮಾರನ ಕೊಲೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. "ಹಾಗಾದರೆ ಯಾರು ಬೇಡ ಅಂದಿದ್ದರೆ ನಿಲ್ಲುತ್ತಿತ್ತು?" ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಕಾರಣಗಳ ಪಟ್ಟಿ ಸುಳ್ಳಲ್ಲ. ಆದರೆ ಅದನ್ನಷ್ಟೇ ಓದಿದ ಮಗು ಯುದ್ಧ ತಾನಾಗಿಯೇ ಬಂತು ಎಂದು ತಿಳಿದುಕೊಳ್ಳುತ್ತದೆ. ಯುದ್ಧವನ್ನು ತಂದವರು ಮನುಷ್ಯರು. ಅವರ ಮುಂದೆ ಕಾಗದವಿತ್ತು, ಪೆನ್ನಿತ್ತು, ಬೇಡ ಎನ್ನುವುದಕ್ಕೆ ಸಮಯವೂ ಇತ್ತು.

ನಾನು ಅಂಕೋಲೆಯವಳು. ಕಾರವಾರ ತಾಲೂಕಿನ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ಈ ಪಾಠವನ್ನು ನಾನು ಮಾಡುತ್ತ ಬಂದ ರೀತಿಯನ್ನು ಈಗಷ್ಟೇ ಕೆಲಸಕ್ಕೆ ಸೇರಿದ ಅಕ್ಕೋರು, ಮಾಸ್ತರುಗಳಿಗೆ ಹೇಳಬೇಕೆಂದು ಬರೆಯುತ್ತಿದ್ದೇನೆ. ಇದನ್ನು ಪೋರ್ಷನ್ನಿನ ನಾಲ್ಕು ಪಿರಿಯಡ್ಡಿನಲ್ಲಿ ಮುಗಿಸಲು ಹೋಗಬೇಡಿ. ಬೋರ್ಡಿನ ಒಂದು ಮೂಲೆ ಮತ್ತು ದಿನಕ್ಕೆ ಐದು ನಿಮಿಷ ಇದಕ್ಕಾಗಿ ಎತ್ತಿಡಿ. ಯುದ್ಧ ಶುರುವಾದ ತಾರೀಖುಗಳೂ ಮುಗಿದ ತಾರೀಖುಗಳೂ ನಮ್ಮ ಶಾಲೆಯ ವರ್ಷದೊಳಗೇ ಬರುತ್ತವೆ. ಮೊದಲನೆಯದು ಮಳೆಗಾಲದಲ್ಲಿ, ಎರಡನೆಯದು ದಸರೆಯಿಂದ ದೀಪಾವಳಿಯ ಆಸುಪಾಸಿನಲ್ಲಿ.

ಮೊದಲು ನಕ್ಷೆ. 1914ರ ಯುರೋಪಿನದೇ ಆಗಬೇಕು, ಇಂದಿನದು ನಡೆಯುವುದಿಲ್ಲ. ಪೋಲೆಂಡ್ ಇಲ್ಲದ, ನಡುವೆ ಆಸ್ಟ್ರಿಯಾ-ಹಂಗೇರಿ ಹರಡಿಕೊಂಡಿರುವ ನಕ್ಷೆಯನ್ನು ಡ್ರಾಯಿಂಗ್ ಶೀಟಿನ ಮೇಲೆ ಮಕ್ಕಳ ಕೈಯಲ್ಲೇ ಬರೆಸಿ. ಆಮೇಲೆ ಆರು ಮಕ್ಕಳಿಗೆ ಒಂದೊಂದು ದೇಶ ಹಂಚಿ: ಆಸ್ಟ್ರಿಯಾ-ಹಂಗೇರಿ, ಸರ್ಬಿಯಾ, ಜರ್ಮನಿ, ರಷ್ಯಾ, ಫ್ರಾನ್ಸ್, ಬ್ರಿಟನ್. ಯಾರ ಬೆನ್ನಿಗೆ ಯಾರು ನಿಲ್ಲುತ್ತೇವೆ ಎಂದು ಮಾತು ಕೊಟ್ಟಿದ್ದಾರೆ ಎಂಬುದನ್ನು ಚೀಟಿಯಲ್ಲಿ ಬರೆದು ಅವರ ಕಂಪಾಸ್ ಪೆಟ್ಟಿಗೆಯಲ್ಲಿ ಇಡಿಸಿ. ಮೂಲೆಯಲ್ಲಿ ಬರೆಯುವುದಕ್ಕೆ ಒಂದೇ ನಿಯಮ: ಇವತ್ತಿನ ತಾರೀಖಿಗೆ ಏನಾಯಿತೋ ಅಷ್ಟೇ. ಮುಂದಿನದು ಗೊತ್ತಿದ್ದವರೂ ಹೇಳುವಂತಿಲ್ಲ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟೇ ಕೊಡುತ್ತಾರೆ. ಆಗ ತಪ್ಪಿದ ದಿನದ್ದನ್ನು ಮರುದಿನ ಸೇರಿಸಿ ಬರೆಯಿರಿ.

ಜೂನ್ 28ರ ಕಥೆಯನ್ನು ಪೂರ್ತಿಯಾಗಿ ಹೇಳಿ. 1914, ಭಾನುವಾರ, ಸರಾಯೆವೊ ಪಟ್ಟಣ. ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್ ಹೆಂಡತಿ ಸೋಫಿಯ ಜೊತೆ ತೆರೆದ ಕಾರಿನಲ್ಲಿ ಬರುತ್ತಾನೆ. ಬೆಳಿಗ್ಗೆ ಎಸೆದ ಬಾಂಬು ಗುರಿ ತಪ್ಪಿ ಹಿಂದಿನ ಕಾರಿನವರಿಗೆ ಗಾಯವಾಗುತ್ತದೆ. ಗಾಯಾಳುಗಳನ್ನು ನೋಡಲು ಹೊರಟಾಗ ಡ್ರೈವರ್ ತಪ್ಪು ಬೀದಿಗೆ ತಿರುಗಿಸಿ, ಕಾರು ನಿಲ್ಲಿಸುತ್ತಾನೆ. ಅಲ್ಲೇ ನಿಂತಿದ್ದ 19 ವರ್ಷದ ಬೋಸ್ನಿಯಾದ ಸರ್ಬ್ ಹುಡುಗ ಗವ್ರಿಲೋ ಪ್ರಿನ್ಸಿಪ್ ಗುಂಡು ಹಾರಿಸುತ್ತಾನೆ. ಗಂಡ ಹೆಂಡತಿ ಇಬ್ಬರೂ ಸಾಯುತ್ತಾರೆ. ಮಕ್ಕಳು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. "ಅಕ್ಕೋರೇ, ಆ ಡ್ರೈವರ್ ಸರಿಯಾದ ದಾರಿ ಹಿಡಿದಿದ್ದರೆ?" ಕೇಳಲಿ, ಆದರೆ ಇಡೀ ಪಿರಿಯಡ್ಡನ್ನು ಆ ಡ್ರೈವರಿಗೆ ಕೊಡಬೇಡಿ. ಅವನು ದಾರಿ ತಪ್ಪಿದ ಮೇಲೂ ಒಂದು ತಿಂಗಳ ಕಾಲ ಯಾವ ದೇಶವೂ ಯುದ್ಧ ಸಾರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗಿ.

ಜುಲೈ 5ರಂದು ಬರೆಯಿರಿ: ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೇ ವಿಲ್ಹೆಲ್ಮ್, ಸರ್ಬಿಯಾದ ಮೇಲೆ ಏನೇ ಮಾಡಿದರೂ ನಿಮ್ಮ ಬೆನ್ನಿಗಿದ್ದೇವೆ ಎಂದು ಆಸ್ಟ್ರಿಯಾದ ರಾಯಭಾರಿಗೆ ಮಾತು ಕೊಟ್ಟ. ಮರುದಿನವೇ ಹಡಗು ಹತ್ತಿ ನಾರ್ವೆ ಕಡೆ ವಿಹಾರಕ್ಕೆ ಹೋದ.

ಆಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ ಆ ಮೂಲೆಯನ್ನು ಖಾಲಿ ಬಿಡಿ. ನನಗೆ ಈ ಪಾಠದಲ್ಲಿ ಅತಿ ಮುಖ್ಯವೆನಿಸುವುದು ಈ ಖಾಲಿ ಜಾಗವೇ. ಮಕ್ಕಳು ಮರೆಯುತ್ತಾರೆ, ಕೆಲವರು ಮನೆಯ ಗದ್ದೆ ನಾಟಿಗೆಂದು ಶಾಲೆಗೇ ಬರುವುದಿಲ್ಲ. ಯುರೋಪಿನ ಜನರೂ ಹಾಗೆಯೇ ಮರೆತಿದ್ದರು. ಆಸ್ಟ್ರಿಯಾದ ಸೈನಿಕರಲ್ಲಿ ಬಹಳ ಮಂದಿಯನ್ನು ಕೊಯ್ಲಿಗೆಂದು ರಜೆಯ ಮೇಲೆ ಊರಿಗೆ ಕಳಿಸಿದ್ದರು. ಅವರನ್ನು ವಾಪಸು ಕರೆದರೆ ಗುಟ್ಟು ರಟ್ಟಾಗುತ್ತದೆ ಎಂದು ಸೇನಾಧಿಪತಿಗಳು ಕಾದರು. ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ರಷ್ಯಾಕ್ಕೆ ಭೇಟಿ ಕೊಟ್ಟಿದ್ದ. ಅವನು ಅಲ್ಲಿಂದ ಹಡಗು ಹತ್ತಲಿ, ಆ ಎರಡು ದೇಶಗಳು ಕೂತು ಮಾತಾಡಲು ಆಗದಿರಲಿ ಎಂದೂ ಕಾದರು. ಗುಂಡು ಹಾರಿದ ಸಿಟ್ಟಿನಲ್ಲಿ ಆದ ಯುದ್ಧವಲ್ಲ ಇದು. ತಣ್ಣಗೆ ಕೂತು ದಿನ ನೋಡಿ ಆರಿಸಿದ್ದು. ಮಕ್ಕಳಿಗೆ ಇದು ಅರ್ಥವಾದರೆ ಪಾಠದ ಅರ್ಧ ಮುಗಿದಂತೆ.

ಜುಲೈ 23ರ ಸಂಜೆ ಆರಕ್ಕೆ ಆಸ್ಟ್ರಿಯಾ ಹತ್ತು ಬೇಡಿಕೆಗಳ ಪತ್ರ ಕೊಟ್ಟಿತು, 48 ಗಂಟೆಯ ಗಡುವು. ಆಸ್ಟ್ರಿಯಾ ಆದ ಮಗು ಸರ್ಬಿಯಾ ಆದ ಮಗುವಿಗೆ ಚೀಟಿ ಕೊಡಲಿ. ಮಧ್ಯೆ ಎರಡು ದಿನ ಬಿಟ್ಟು 25ಕ್ಕೆ ಉತ್ತರ ಕೇಳಿ. ಸರ್ಬಿಯಾ ಹೆಚ್ಚುಕಡಿಮೆ ಎಲ್ಲಕ್ಕೂ ಒಪ್ಪಿತು. ತನ್ನ ನೆಲದ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಕೂರುವುದಕ್ಕೆ ಮಾತ್ರ ಒಪ್ಪಲಿಲ್ಲ. 28ರಂದು ಕೈಸರ್ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದ. ಅದೇ ದಿನ ಆಸ್ಟ್ರಿಯಾ ಟೆಲಿಗ್ರಾಂ ಮೂಲಕ ಯುದ್ಧ ಸಾರಿತು.

ಇಲ್ಲಿಂದ ಮುಂದೆ ಐದು ನಿಮಿಷ ಸಾಲದು, ದಿನಾ ಹದಿನೈದು ಕೊಡಿ. 29ರ ರಾತ್ರಿ, ಸರ್ಬಿಯಾದ ಬೆನ್ನಿಗೆ ನಿಂತಿದ್ದ ರಷ್ಯಾದ ಚಕ್ರವರ್ತಿ ನಿಕೊಲಾಸ್ ಇಡೀ ಸೈನ್ಯ ಕೂಡಿಸುವ ಆಜ್ಞೆಯನ್ನು ಕೈಸರನ ಟೆಲಿಗ್ರಾಂ ಓದಿ ತಡೆದ. 30ರ ಮಧ್ಯಾಹ್ನ ಮಂತ್ರಿ, ಸೇನಾಪತಿಗಳ ಒತ್ತಾಯಕ್ಕೆ ಮಣಿದು ಮತ್ತೆ ಒಪ್ಪಿದ. ಒಬ್ಬನೇ ಮನುಷ್ಯ, ಒಂದೇ ದಿನದೊಳಗೆ ಎರಡು ತೀರ್ಮಾನ. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ ಯುದ್ಧ ಸಾರಿತು.

"ಜಗಳ ರಷ್ಯಾದ ಜೊತೆ, ಫ್ರಾನ್ಸಿನ ಮೇಲೆ ಯಾಕೆ ಬಿದ್ದರು?" ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಉತ್ತರ ರೈಲಿನ ವೇಳಾಪಟ್ಟಿಯಲ್ಲಿದೆ. ಜರ್ಮನಿಯ ಯೋಜನೆಯಲ್ಲಿ ಮೊದಲು ಬೆಲ್ಜಿಯಂ ದಾಟಿ ಫ್ರಾನ್ಸನ್ನು ಸೋಲಿಸಬೇಕು, ಆಮೇಲೆ ರಷ್ಯಾದ ಕಡೆ ತಿರುಗಬೇಕು. ಸಾವಿರಾರು ರೈಲುಗಳ ಲೆಕ್ಕ ಅದಕ್ಕೆ ತಕ್ಕಂತೆ ಹಾಕಿಟ್ಟಿದ್ದರು. ಆಗಸ್ಟ್ 1ರ ಸಂಜೆ ಕೈಸರ್, ಸೈನ್ಯವನ್ನೆಲ್ಲ ಪೂರ್ವಕ್ಕೇ ಕಳಿಸೋಣ ಎಂದಾಗ ಸೇನಾಪತಿ ಮೋಲ್ಟ್‌ಕೆ ಅದು ಆಗದ ಮಾತು ಎಂದುಬಿಟ್ಟ. ನಮ್ಮ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಕೊಂಕಣ ರೈಲ್ವೆಯ ಒಂಟಿ ಹಳಿಯಲ್ಲಿ ಒಂದು ಗಾಡಿ ತಡವಾದರೆ ಕ್ರಾಸಿಂಗಿಗೆಂದು ಉಳಿದವು ಎಷ್ಟು ಹೊತ್ತು ಕಾಯುತ್ತವೆ ಎಂಬುದು ಅವರಿಗೆ ಗೊತ್ತು. ಎಲ್ಲ ಗಾಡಿಗಳನ್ನೂ ಒಂದೇ ರಾತ್ರಿ ಬೇರೆ ದಿಕ್ಕಿಗೆ ತಿರುಗಿಸಿ ಎಂದರೆ ಸ್ಟೇಷನ್ ಮಾಸ್ತರು ಏನು ಹೇಳಬಹುದು ಎಂದು ಕೇಳಿ. ಆದರೂ ಆ ಪಟ್ಟಿ ಬರೆದವರು ಮನುಷ್ಯರೇ ಎನ್ನುವುದನ್ನು ಬಿಡಬೇಡಿ.

ಆಗಸ್ಟ್ 4ರಂದು ಜರ್ಮನ್ ಸೈನ್ಯ ಬೆಲ್ಜಿಯಂ ಒಳಗೆ ಕಾಲಿಟ್ಟಿತು. ಆ ದೇಶವನ್ನು ಯಾರೂ ಮುಟ್ಟುವುದಿಲ್ಲ ಎಂಬ 1839ರ ಒಪ್ಪಂದವನ್ನು ಎತ್ತಿ ಹಿಡಿದು ಬ್ರಿಟನ್ ಅದೇ ರಾತ್ರಿ ಯುದ್ಧಕ್ಕಿಳಿಯಿತು. ನಮ್ಮವರನ್ನು ಕೇಳದೆಯೇ ವೈಸ್‌ರಾಯ್ ಹಾರ್ಡಿಂಜ್ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯೂ ಆ ರಾತ್ರಿಯಿಂದ ಯುದ್ಧದಲ್ಲಿತ್ತು.

ಅಲ್ಲಿ ನಿಲ್ಲಿಸಿ ಮಕ್ಕಳನ್ನು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಸ್ಟೇಷನ್ನಿಗೆ ಮನಸ್ಸಿನಲ್ಲೇ ಕರೆದುಕೊಂಡು ಹೋಗಿ. ಗಡಿಯ ಈಚೆ ಬ್ರಿಟಿಷರು, ಆಚೆ ಗೋವೆಯಲ್ಲಿ ಪೋರ್ತುಗೀಜರು. ಈಚೆ ಯುದ್ಧ, ಆಚೆ ಇಲ್ಲ. ಅದಕ್ಕೇ ಜರ್ಮನಿಯ ವ್ಯಾಪಾರಿ ಹಡಗುಗಳು ಮರ್ಮಗೋವಾ ಬಂದರಿಗೆ ಓಡಿಬಂದು ಲಂಗರು ಹಾಕಿದ್ದವು. 1916ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಒತ್ತಾಯಕ್ಕೆ ಪೋರ್ತುಗಲ್ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಿತು. ಮಾರ್ಚ್ 9ಕ್ಕೆ ಜರ್ಮನಿ ಪೋರ್ತುಗಲ್ ಮೇಲೆ ಯುದ್ಧ ಸಾರಿತು. ಗೋವೆಯ ಗಡಿಯಲ್ಲಿರುವ ನಮ್ಮ ಮಾಜಾಳಿಯ ಆಚೆಗೂ ಯುದ್ಧ ಬಂದದ್ದು ಹೀಗೆ. ಇಲ್ಲಿ ಒಂದು ಎಚ್ಚರಿಕೆ: ಮರ್ಮಗೋವಾದಲ್ಲಿ ಜರ್ಮನ್ ಹಡಗು ಸುಟ್ಟ ಕಥೆಯನ್ನು ಮನೆಯ ಹಿರಿಯರು ಹೇಳಿದ್ದರೆ ಅದು 1943ರ ಎಹ್ರೆನ್‌ಫೆಲ್ಸ್ ಹಡಗಿನದು, ಎರಡನೇ ಯುದ್ಧದ್ದು. ಎರಡನ್ನೂ ಕಲೆಸದಂತೆ ನೋಡಿಕೊಳ್ಳಿ.

ಮನೆಪಾಠಕ್ಕೆ ಹಳೆಯ ಮಂಗಳೂರು ಹೆಂಚು ಹುಡುಕಲು ಹೇಳಿ. ಕೊಟ್ಟಿಗೆಯ ಮೂಲೆಯಲ್ಲಿ ಒಡೆದು ಬಿದ್ದದ್ದಾದರೂ ಸರಿ, ಹಿಂಬದಿಯ ಅಚ್ಚು ಓದಬೇಕು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತ್ತು. ಮಿಷನ್ನಿನಲ್ಲಿ ಜರ್ಮನರು ಬಹಳ ಇದ್ದರು. ಯುದ್ಧ ಬಂದಾಗ ಸರ್ಕಾರ ಅದನ್ನು ವೈರಿಗಳ ಆಸ್ತಿ ಎಂದು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಎರಡೂ ಅಚ್ಚಿನ ಹೆಂಚು ಸಿಕ್ಕರೆ ಪಕ್ಕಪಕ್ಕ ಇಟ್ಟು ತೋರಿಸಿ.

ನಡುವಿನ ನಾಲ್ಕು ವರ್ಷಕ್ಕೆ ಎರಡು ಪಿರಿಯಡ್ ಸಾಕು. ಕದನಗಳ ಹೆಸರು ಉರು ಹೊಡೆಸಬೇಡಿ. ಕಂದಕದ ಯುದ್ಧ ಏನೆಂದು ಒಂದು ಚಿತ್ರದಲ್ಲಿ ತೋರಿಸಿ. ಸಮುದ್ರದ ಕಥೆಯನ್ನು ಮಾತ್ರ ಬಿಡಬೇಡಿ, ಯಾಕೆಂದರೆ ನಮ್ಮ ಮಕ್ಕಳು ಸಮುದ್ರದವರು. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡನ್ ಎಂಬ ಜರ್ಮನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. 1917ರಲ್ಲಿ ವೋಲ್ಫ್ ಎಂಬ ಹಡಗು ಮುಂಬಯಿಯ ಹೊರಗೆ, ಇದೇ ಅರಬ್ಬಿ ಸಮುದ್ರದಲ್ಲಿ, ಕದ್ದು ಮೈನ್ ಇಟ್ಟು ಹೋಯಿತು. ಜೂನ್ 23ರಂದು ಮಂಗೋಲಿಯಾ ಎಂಬ ಪ್ರಯಾಣಿಕರ ಹಡಗು ಅದಕ್ಕೆ ಬಡಿದು ಮುಳುಗಿತು. ಭಾರತದಿಂದ ಹೊರದೇಶಗಳಿಗೆ ಹೋದ ಸೈನಿಕರು, ಕೂಲಿಗಳು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74,000. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದದ್ದನ್ನೂ ಹೇಳಿ.

ಈಗ ಮುಗಿದ ಬಗೆ. ಮತ್ತೆ ಬೋರ್ಡಿನ ಮೂಲೆಗೆ ಬನ್ನಿ. 1918ರ ಸೆಪ್ಟೆಂಬರ್ 29: ಬಲ್ಗೇರಿಯಾ ಯುದ್ಧ ನಿಲ್ಲಿಸಿತು. ಅಕ್ಟೋಬರ್ 30: ತುರ್ಕಿಯ ಒಟ್ಟೋಮನ್ನರು. ನವೆಂಬರ್ 3: ಆಸ್ಟ್ರಿಯಾ-ಹಂಗೇರಿ. ಆ ಹೊತ್ತಿಗೆ ಜರ್ಮನಿಯ ಕೀಲ್ ಬಂದರಿನಲ್ಲಿ ನಾವಿಕರು ದಂಗೆ ಎದ್ದಿದ್ದರು. 9ರಂದು ಕೈಸರ್ ಗದ್ದುಗೆ ಕಳೆದುಕೊಂಡ. ರಷ್ಯಾ ಆ ಮಾರ್ಚ್ 3ರಂದೇ ಬ್ರೆಸ್ಟ್-ಲಿಟೋವ್‌ಸ್ಕ್‌ನಲ್ಲಿ ಬೇರೆ ಒಪ್ಪಂದ ಮಾಡಿಕೊಂಡು ಹೊರಬಿದ್ದಿತ್ತು. ದಸರಾ ರಜೆಯಲ್ಲಿ ಕಳೆದುಹೋಗುವ ತಾರೀಖುಗಳನ್ನು ಮೊದಲೇ ಬರೆದಿಟ್ಟು ಹೋಗಿ.

ನವೆಂಬರ್ 11ರಂದು ಹೆಡ್‌ಮಾಸ್ತರರನ್ನು ಕೇಳಿಕೊಂಡು ಹನ್ನೊಂದು ಗಂಟೆಗೆ ಶಾಲೆಯ ಗಂಟೆ ಬಾರಿಸಿ. ಫ್ರಾನ್ಸಿನ ಕೊಂಪಿಯೆನ್ ಕಾಡಿನಲ್ಲಿ, ರೈಲು ಬೋಗಿಯೊಂದರಲ್ಲಿ ಸಹಿ ಬಿದ್ದದ್ದು ಬೆಳಿಗ್ಗೆ ಐದು ಗಂಟೆಯ ಮೇಲೆ. ಗುಂಡು ನಿಲ್ಲಬೇಕಾದದ್ದು ಹನ್ನೊಂದಕ್ಕೆ. ನಡುವಿನ ಆರು ಗಂಟೆಯೂ ಕಾದಾಟ ನಿಲ್ಲಲಿಲ್ಲ. ಹೆನ್ರಿ ಗುಂಥರ್ ಎಂಬ ಅಮೆರಿಕದ ಸೈನಿಕ ಸತ್ತದ್ದು 10 ಗಂಟೆ 59 ನಿಮಿಷಕ್ಕೆ. ಮಕ್ಕಳಿಗೆ ಇದನ್ನು ಹೇಳುವಾಗ ನನ್ನ ಗಂಟಲು ಪ್ರತಿ ಸಲ ಕಟ್ಟುತ್ತಿತ್ತು. ಕಟ್ಟಿದರೆ ಕಟ್ಟಲಿ, ಮುಚ್ಚಿಡಬೇಡಿ.

ಇನ್ನೊಂದು ಪ್ರಶ್ನೆಗೆ ತಯಾರಾಗಿರಿ: "ಜರ್ಮನ್ ಸೈನ್ಯ ಇನ್ನೂ ಫ್ರಾನ್ಸ್, ಬೆಲ್ಜಿಯಂ ನೆಲದಲ್ಲೇ ಇತ್ತಲ್ಲ, ಸೋತದ್ದು ಹೇಗೆ?" ಆಗಸ್ಟ್ 8ರಂದು ಅಮಿಯೆನ್ಸ್‌ನಲ್ಲಿ ಅದರ ಸಾಲು ಒಡೆಯಿತು. ಸಮುದ್ರದ ದಿಗ್ಬಂಧನದಿಂದ ಊರುಗಳಲ್ಲಿ ಹಸಿವು. 1917ರಲ್ಲಿ ಸೇರಿದ ಅಮೆರಿಕದ ಸೈನಿಕರು ಲಕ್ಷಗಟ್ಟಲೆ ಬಂದಿಳಿಯುತ್ತಿದ್ದರು. ಜೊತೆಗಾರ ದೇಶಗಳು ಒಂದೊಂದಾಗಿ ಕೈಬಿಟ್ಟವು. ಯುದ್ಧ ನಿಲ್ಲಿಸಿ ಎಂದು ಸೆಪ್ಟೆಂಬರ್ 29ರಂದು ಕೇಳಿದವನು ಸೇನಾಪತಿ ಲುಡೆಂಡಾರ್ಫ್ ತಾನೇ. ಸೈನ್ಯ ಸೋಲಲಿಲ್ಲ, ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಎಂಬ ಸುಳ್ಳು ಆಮೇಲೆ ಹುಟ್ಟಿತು, ಹಿಟ್ಲರ್ ಅದನ್ನು ಬಳಸಿಕೊಂಡ. 1940ರ ಜೂನ್ 22ರಂದು ಅದೇ ಬೋಗಿಯನ್ನು ಅದೇ ಜಾಗಕ್ಕೆ ತರಿಸಿ ಫ್ರಾನ್ಸಿನ ಸಹಿ ಹಾಕಿಸಿಕೊಂಡ.

ಗುಂಡು ನಿಂತದ್ದು ಬೇರೆ, ಶಾಂತಿ ಆದದ್ದು ಬೇರೆ. ವರ್ಸೇಲ್ಸ್ ಒಪ್ಪಂದದ ತಾರೀಖು 1919ರ ಜೂನ್ 28. ನೀವು ಹೇಳಬೇಡಿ, ಮಕ್ಕಳೇ ಹಿಂದಿನ ಹಾಳೆ ತಿರುಗಿಸಿ ಕಂಡುಹಿಡಿಯಲಿ. ಭಾರತದ ಹೆಸರಿನಲ್ಲಿ ಸಹಿ ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾಸಿಂಗ್. ಆ ಸಹಿಗೆ ಮೊದಲೇ, ಆ ಮಾರ್ಚಿನಲ್ಲಿ ರೌಲೆಟ್ ಕಾಯ್ದೆ ಬಂದಿತ್ತು, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್ ಆಗಿತ್ತು. ತುರ್ಕಿಯ ಕೊನೆಯ ಒಪ್ಪಂದ ಲೋಸಾನ್‌ನಲ್ಲಿ ಆಗುವಾಗ 1923ರ ಜುಲೈ 24.

ಪರೀಕ್ಷೆಗೆ ನಾನು ಕೊಡುತ್ತಿದ್ದ ಪ್ರಶ್ನೆ ಇದು: 1914ರ ಜೂನ್ 28ರಿಂದ ಆಗಸ್ಟ್ 4ರೊಳಗಿನ ಒಂದು ಪತ್ರ ಅಥವಾ ಟೆಲಿಗ್ರಾಂ ಹೊರಡದಂತೆ ನೀವು ತಡೆಯಬಹುದಾದರೆ ಯಾವುದನ್ನು ತಡೆಯುತ್ತೀರಿ, ಯಾಕೆ? ಅರ್ಧ ಪುಟ. ಯಾವುದನ್ನು ಆರಿಸಿದರೂ ಅಂಕ ಕೊಡಿ. ಆ ಕಾಗದ ಅವತ್ತು ಯಾರ ಕೈಯಲ್ಲಿತ್ತು, ಅವನಿಗೆ ಆ ಹೊತ್ತಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಬರೆಯದಿದ್ದರೆ ಮಾತ್ರ ಅಂಕ ಕಳೆಯಿರಿ.