ಸ್ಪೂಲ್ ಟೇಪ್ ರೆಕಾರ್ಡರ್ ಕೊಳ್ಳುವ ಮುನ್ನ ಸ್ಪೂಲನ್ನು ನೋಡಿ

ಕ್ಯಾಸೆಟ್ ಅಲ್ಲದೆ ಬಿಡಿ ಚಕ್ರಕ್ಕೆ (ಸ್ಪೂಲ್ ಅಥವಾ ರೀಲ್) ಸುತ್ತಿದ ಟೇಪನ್ನು ಓಡಿಸುವ ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಮಾರುವವರೆಲ್ಲ ಹೇಳುವ ಮಾತು ಒಂದೇ: "ಆನ್ ಆಗುತ್ತದೆ ಸಾರ್, ರೀಲ್ ತಿರುಗುತ್ತದೆ." ಕರೆಂಟ್ ಕೊಟ್ಟರೆ ರುಬ್ಬುವ ಕಲ್ಲೂ ತಿರುಗುತ್ತದೆ. ಆರು ವರ್ಷದ ಹಿಂದೆ ನಾನು ಆ ಮಾತಿಗೆ ಮರುಳಾಗಿ ಒಂಬತ್ತು ಸಾವಿರ ರೂಪಾಯಿ ಕೊಟ್ಟು ಒಂದು ಯಂತ್ರವನ್ನು ಮೈಸೂರಿನ ಮನೆಗೆ ಹೊತ್ತು ತಂದೆ.

ನಮ್ಮಮ್ಮ ಮನೆಯಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಅಪ್ಪ ಅದನ್ನು ಒಂದು ಗ್ರುಂಡಿಗ್ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಗ್ರುಂಡಿಗ್ ಎಂದೋ ಗುಜರಿಗೆ ಹೋಯಿತು, ಹನ್ನೊಂದು ಸ್ಪೂಲ್ ಮಾತ್ರ ಉಳಿದವು. ಹೊಸದಾಗಿ ತಂದ ಯಂತ್ರದಲ್ಲಿ ಮೊದಲ ಸ್ಪೂಲ್ ಹಾಕಿದರೆ, ಐದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದ ಅಮ್ಮ ಮೂರು ಮನೆಗೆ ಇಳಿದು, ಯಾರೋ ಗಂಡಸಿನ ಗಂಟಲಿನಲ್ಲಿ ನಿಧಾನವಾಗಿ ಹಾಡುತ್ತಿದ್ದರು. ಮಾರಿದವನಿಗೆ ಫೋನ್ ಮಾಡಿದೆ. "ಟೇಪ್ ಹಿಗ್ಗಿದೆ" ಎಂದ. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಮೂವತ್ತು ವರ್ಷ ರಿಲೇ ಒರೆಸಿದ ನನಗೆ ಆಗಲೂ ಹೊಳೆಯಲಿಲ್ಲ. ಎರಡು ದಿನದ ಮೇಲೆ ಯಂತ್ರವನ್ನು ತಿರುಗಿಸಿ ಹಿಂಬದಿಯ ತಗಡಿನ ಪಟ್ಟಿ ಓದಿದೆ: 117 ವೋಲ್ಟ್, 60 ಸೈಕಲ್. ಸೈಕಲ್ ಎಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬುದು, ಈಗಿನ ಹರ್ಟ್ಸ್. ಅಮೆರಿಕದ ಮಾಲು. ಜೊತೆಗೆ ಕೊಟ್ಟಿದ್ದ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಸೈಕಲ್ ಬದಲಾಯಿಸುವುದಿಲ್ಲ. ಹಳೆಯ ಯಂತ್ರಗಳಲ್ಲಿ ಬಹುಪಾಲು ಮೋಟಾರುಗಳು ಲೈನಿನ ಸೈಕಲ್ ಹಿಡಿದೇ ಓಡುತ್ತವೆ. ನಮ್ಮ 50 ಸೈಕಲ್‌ನಲ್ಲಿ ಅದು ಆರಕ್ಕೆ ಐದರಷ್ಟು ವೇಗದಲ್ಲಿ ಓಡಿ, ಶ್ರುತಿಯನ್ನು ಸರಿಯಾಗಿ ಐದು ಮನೆಯಿಂದ ಮೂರು ಮನೆಗೆ ಇಳಿಸಿತ್ತು.

ಹಾಗಾಗಿ ಮೊದಲು ಹಿಂಬದಿ ಓದಿ. ಜಪಾನಿನ ಒಳಮಾರುಕಟ್ಟೆಯ ಯಂತ್ರ 100 ವೋಲ್ಟಿನದು. ಅದನ್ನು ನೇರವಾಗಿ ನಮ್ಮ 230ಕ್ಕೆ ಚುಚ್ಚಿದರೆ ಹೊಗೆಯೇ ಗತಿ. ಕೆಲವು ಯಂತ್ರಗಳಲ್ಲಿ 50/60 ಸ್ವಿಚ್ ಅಥವಾ ಬದಲಾಯಿಸಬಹುದಾದ ಪುಲ್ಲಿ ಇರುತ್ತದೆ, ಕೇಳಿ ನೋಡಿ. ರಿವಾಕ್ಸ್ ಎ77, ಬಿ77ರಂಥವುಗಳಲ್ಲಿ ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕಾಯುವುದರಿಂದ ಈ ತಲೆನೋವಿಲ್ಲ. ಆದರೆ ಅವುಗಳ ಬೆಲೆ ಕೇಳಿದರೆ ಬೇರೆ ತಲೆನೋವು ಬರುತ್ತದೆ.

ಯಂತ್ರ ಹುಡುಕುವುದಕ್ಕೂ ಮುಂಚೆ ನಿಮ್ಮಲ್ಲಿರುವ ಸ್ಪೂಲ್ ಎಂಥದು ಎಂದು ಗೊತ್ತಿರಬೇಕು. ಡಬ್ಬಿಯ ಮೇಲೆ ಬರೆದ ವೇಗ ನೋಡಿ: ಮನೆಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 9.5 ಅಥವಾ 19 ಸೆಂಟಿಮೀಟರ್. ಏಳಿಂಚಿನ ರೀಲೋ, ಐದಿಂಚಿನದೋ? ಹತ್ತೂವರೆ ಇಂಚಿನದಾದರೆ ದೊಡ್ಡ ಯಂತ್ರವೂ ನಡುವಿನ ಅಡಾಪ್ಟರ್‌ಗಳೂ ಬೇಕು. ರೀಲನ್ನು ಬೆಳಕಿಗೆ ಹಿಡಿಯಿರಿ. ಟೇಪಿನ ಸುತ್ತುಗಳ ಮೂಲಕ ಬೆಳಕು ಹಾಯ್ದರೆ ಅದು ಅಸಿಟೇಟ್ ಎಂಬ ಹಳೆಯ ಪ್ಲಾಸ್ಟಿಕ್, ಜೋರಾಗಿ ಎಳೆದರೆ ಪಟ್ಟನೆ ತುಂಡಾಗುತ್ತದೆ. ಹಾಯದಿದ್ದರೆ ಹೆಚ್ಚಾಗಿ ಪಾಲಿಯೆಸ್ಟರ್. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ, ತಡಮಾಡಬೇಡಿ.

ಟ್ರ್ಯಾಕಿನ, ಅಂದರೆ ಟೇಪಿನ ಅಗಲದಲ್ಲಿ ದನಿ ಕೂರುವ ಪಟ್ಟಿಯ ವಿಷಯ ತುಸು ಗೊಂದಲದ್ದು. ಹಳೆಯ ಮೋನೋ ಯಂತ್ರಗಳು ಅನೇಕವು ಟೇಪಿನ ಅಗಲದ ಅರ್ಧವನ್ನು ಒಂದು ದಿಕ್ಕಿನಲ್ಲಿ, ಇನ್ನರ್ಧವನ್ನು ಮಗುಚಿ ಹಾಕಿ ತುಂಬಿಸುತ್ತಿದ್ದವು. ಈಗ ಸುಲಭವಾಗಿ ಸಿಗುವ ಅಕಾಯ್, ಸೋನಿ, ಟಿಯಾಕ್ ಮನೆಬಳಕೆಯ ಸ್ಟೀರಿಯೋಗಳು ಹೆಚ್ಚಾಗಿ ಕಾಲು ಟ್ರ್ಯಾಕಿನವು, ಅಂದರೆ ಅಗಲವನ್ನು ನಾಲ್ಕು ಪಟ್ಟಿ ಮಾಡಿಕೊಂಡವು. ಅವುಗಳಲ್ಲಿ ಅರ್ಧ ಟ್ರ್ಯಾಕಿನ ಮೋನೋ ಕೇಳಬಹುದು, ಆದರೆ ಎಡಗಿವಿಯಲ್ಲಿ ಮಾತ್ರ. ಬಲಗಿವಿಯಲ್ಲಿ ಇನ್ನೊಂದು ಬದಿ ಹಿಂದುಮುಂದಾಗಿ ಬರುತ್ತದೆ. ನಮ್ಮ ನಾಲ್ಕನೆಯ ಸ್ಪೂಲಿನಲ್ಲಿ ಎಡಕ್ಕೆ ಅಮ್ಮನ ಸರಳೆವರಸೆ, ಬಲಕ್ಕೆ ಹಿಂದಿನಿಂದ ಮುಂದಕ್ಕೆ ಓದುವ ರೇಡಿಯೋ ವಾರ್ತೆ. ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಬಲ ಚಾನೆಲ್ಲನ್ನು ಮುಚ್ಚಿಬಿಡಿ.

ನೋಡಲು ಹೋಗುವಾಗ ಟಾರ್ಚ್, ಭೂತಗನ್ನಡಿ, ಹೆಡ್‌ಫೋನ್, ಹತ್ತಿ ಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹೋದರೂ ಬೇಸರವಿಲ್ಲದ ಒಂದು ಟೇಪ್ ಜೊತೆಯಲ್ಲಿರಲಿ. ಅಮೂಲ್ಯವಾದ ಟೇಪನ್ನು ಪರಿಚಯವಿಲ್ಲದ ಯಂತ್ರಕ್ಕೆ ಎಂದೂ ಹಾಕಬೇಡಿ. ಸವೆದ ರೆಕಾರ್ಡ್ ಸ್ವಿಚ್ ಒಂದೇ ಕ್ಷಣದಲ್ಲಿ ಅದನ್ನು ಅಳಿಸಿಹಾಕಬಲ್ಲದು.

ಪ್ಲಗ್ ಹಾಕುವ ಮುಂಚೆ ಹೆಡ್ಡನ್ನು, ಅಂದರೆ ಟೇಪಿನಿಂದ ದನಿಯನ್ನು ಓದುವ ಭಾಗವನ್ನು ನೋಡಿ. ಟೇಪ್ ಹಾಯುವ ಜಾಗದಲ್ಲಿ ಚಪ್ಪಟೆ ಪಟ್ಟಿ ಬಿದ್ದು, ಅಂಚಿನಲ್ಲಿ ಬೆರಳಿಗೆ ಸಿಗುವಷ್ಟು ಮೆಟ್ಟಿಲಾಗಿದ್ದರೆ ಹೆಡ್ ಸವೆದಿದೆ. ಬೆಲ್ಟ್, ರಬ್ಬರ್‌ಗಳನ್ನು ಹೇಗೋ ಹೊಂದಿಸಬಹುದು, ಹೆಡ್ ಸಿಗುವುದು ಕಷ್ಟ. ಅಕಾಯ್‌ನ ಜಿಎಕ್ಸ್ ಎಂಬ ಗಾಜು-ಫೆರೈಟ್ ಹೆಡ್‌ಗಳು ಸುಲಭಕ್ಕೆ ಸವೆಯುವುದಿಲ್ಲ, ನಾನು ಎರಡನೆಯ ಸಲ ಹದಿನೆಂಟು ಸಾವಿರ ಕೊಟ್ಟದ್ದು ಅದಕ್ಕಾಗಿಯೇ. ಆಮೇಲೆ ಟೇಪನ್ನು ಒತ್ತಿಹಿಡಿದು ಓಡಿಸುವ ರಬ್ಬರ್ ಉರುಳೆ, ಅಂದರೆ ಪಿಂಚ್ ರೋಲರ್ ಮೇಲೆ ಉಗುರು ಒತ್ತಿ. ರಬ್ಬರ್ ತುಸು ಬಗ್ಗಬೇಕು. ಗಾಜಿನಂತೆ ಹೊಳೆದು ಗಟ್ಟಿಯಾಗಿದ್ದರೆ ಅದು ಟೇಪನ್ನು ಜಾರಿಸುತ್ತದೆ. ಮುಚ್ಚಳ ತೆಗೆಯಲು ಬಿಟ್ಟರೆ ಬೆಲ್ಟ್ ನೋಡಿ, ಕೆಲವೊಮ್ಮೆ ಅದು ಕರಗಿ ಡಾಂಬರಾಗಿರುತ್ತದೆ.

ಈಗ ಚಾಲೂ ಮಾಡಿ. ತುಂಬಿದ ಏಳಿಂಚಿನ ರೀಲನ್ನು ಕೊನೆಯವರೆಗೆ ಮುಂದಕ್ಕೂ ಹಿಂದಕ್ಕೂ ಓಡಿಸಿ. ಕೊನೆಗೆ ಬಂದಾಗ ಉಸಿರು ಕಟ್ಟಿದಂತೆ ನಿಧಾನವಾದರೆ ಒಳಗಿನ ರಬ್ಬರ್ ಚಕ್ರ ಸೋತಿದೆ. ಜೋರಾಗಿ ಓಡುವಾಗಲೇ ಸ್ಟಾಪ್ ಒತ್ತಿ. ಟೇಪ್ ಸಡಿಲವಾಗಿ ಜೋತುಬಿದ್ದರೆ ಬ್ರೇಕ್ ಕೆಲಸ ಬೇಕು.

ವೇಗ ಅಳೆಯುವ ನನ್ನ ಉಪಾಯ: ಪರೀಕ್ಷೆಯ ಟೇಪಿನ ಬೆನ್ನಿಗೆ ಮನೆಯಲ್ಲೇ ಬಿಳಿ ಪೆನ್ಸಿಲಿನಿಂದ ಎರಡು ಗುರುತು ಹಾಕಿಟ್ಟಿದ್ದೇನೆ, ನಡುವೆ 5 ಮೀಟರ್ 71 ಸೆಂಟಿಮೀಟರ್. 19ರ ವೇಗದಲ್ಲಿ ಈ ದೂರಕ್ಕೆ 30 ಸೆಕೆಂಡ್, 9.5ರಲ್ಲಿ 60 ಸೆಕೆಂಡ್. ಮೊಬೈಲ್ ಗಡಿಯಾರ ಹಿಡಿದು ನೋಡಿ. 30ರ ಬದಲು 36 ಬಂದರೆ ಅದು ನನ್ನ ಮೊದಲ ಯಂತ್ರದ ತಮ್ಮ, ನಮಸ್ಕಾರ ಹೇಳಿ ಹೊರಡಿ. ವೇಗ ಸರಿಯಿದ್ದು ಓಟದಲ್ಲಿ ನಡುಕವಿದ್ದರೆ ಹಾಡಿನಲ್ಲಿ ಅದು ತಿಳಿಯುವುದಿಲ್ಲ, ಗಮಕದ ಮರೆಯಲ್ಲಿ ಅಡಗುತ್ತದೆ. ಬರೀ ತಂಬೂರಿಯ ನಾದವಿರುವ ಟೇಪ್ ಹಾಕಿ. ಅಲ್ಲಿ ಅಲೆ ಎದ್ದರೆ ಅಡಗಲು ಜಾಗವಿಲ್ಲ.

ಕೇಳುವುದಕ್ಕಷ್ಟೇ ಕೊಳ್ಳುವವರು ಧ್ವನಿಮುದ್ರಣದ ಭಾಗ ಕೆಟ್ಟಿದ್ದರೆ ಚಿಂತಿಸಬೇಕಿಲ್ಲ. ಬೆಲೆ ಇಳಿಸಲು ಅಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ.

ಬಸ್ ಪಾರ್ಸೆಲ್ಲಿನಲ್ಲಿ ಮಾತ್ರ ತರಿಸಬೇಡಿ. ಇವು ಹತ್ತಿಪ್ಪತ್ತು ಕಿಲೋ ತೂಗುತ್ತವೆ, ಒಮ್ಮೆ ಬಿದ್ದರೆ ಟೇಪನ್ನು ಎಳೆಯುವ ತಿರುಗುವ ಲೋಹದ ಕಡ್ಡಿ, ಅಂದರೆ ಕ್ಯಾಪ್‌ಸ್ಟನ್ ಬಾಗಬಹುದು. ಮನೆಗೆ ತಂದ ಮೇಲೆ ಹೆಡ್ಡನ್ನು ಆಲ್ಕೊಹಾಲಿನಿಂದ ಒರೆಸಿ, ಸ್ಪೂಲ್ ಹಾಕಿದ ಮೊದಲ ಸಲವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎರಡನೆಯ ಸಲ ಆ ಟೇಪ್ ಓಡುತ್ತದೆಂಬ ಭರವಸೆಯಿಲ್ಲ. ಓಡುವಾಗ ಕೀಚಲು ದನಿ ಬಂದು ಹೆಡ್ಡಿಗೆ ಕಂದು ಅಂಟು ಮೆತ್ತಿದರೆ ತಕ್ಷಣ ನಿಲ್ಲಿಸಿ. ಎಪ್ಪತ್ತು, ಎಂಬತ್ತರ ದಶಕದ ಕಪ್ಪು ಬೆನ್ನಿನ ಅಮೆರಿಕದ ಟೇಪುಗಳಿಗೆ ಈ ರೋಗ ಹೆಚ್ಚು. ಅದಕ್ಕೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಚಿಕಿತ್ಸೆಯಿದೆ, ಬಲ್ಲವರ ಕೈಗೇ ಕೊಡಿ. ಅಸಿಟೇಟಿಗೆ ಆ ಚಿಕಿತ್ಸೆ ಸಲ್ಲದು.

ಹೇಳಲು ಮರೆತಿದ್ದೆ. ಅಕಾಯ್‌ನ ಕೆಲವು ಹಳೆಯ ಮಾದರಿಗಳಲ್ಲಿ ಹೆಚ್ಚಿನ ವೇಗ ಬೇಕಾದರೆ ಕ್ಯಾಪ್‌ಸ್ಟನ್ ಮೇಲೆ ಬೆರಳ ತುದಿಯಷ್ಟು ಚಿಕ್ಕ ಲೋಹದ ಕೊಳವೆಯೊಂದನ್ನು ತೊಡಿಸಬೇಕು. ಮಾರುವವರು ಕಳೆದುಹಾಕುವುದು ಅದನ್ನೇ. ದುಡ್ಡು ಎಣಿಸುವ ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ. ನನ್ನದನ್ನು ದಾರದಲ್ಲಿ ಪೋಣಿಸಿ ಯಂತ್ರದ ಹಿಡಿಗೆ ಕಟ್ಟಿದ್ದೇನೆ. ಮೊಮ್ಮಗಳು ಅದನ್ನು ಉಂಗುರವೆಂದು ಎರಡು ಸಲ ಬೆರಳಿಗೆ ಹಾಕಿಕೊಂಡು ಓಡಿದ್ದಾಳೆ.